ಇರುವೆಯ ಮೈಯಲ್ಲಿ ಸೀಸ ಹುಡುಕುವ ಬಗೆ

ದಸರಾ ಸೂಟಿಯ ಒಂದು ಬೆಳಿಗ್ಗೆ ನಮ್ಮ ಅಡಿಗೆಮನೆಯಿಂದ ಕೂಗು ಕೇಳಿಸಿತು.

"ಏನ್ರಿ, ಸ್ವಲ್ಪ ಇಲ್ಲಿ ಬರ್ರಿ! ಬರ್ಫದ ಖಾನ್ಯಾಗ ಇರುವಿ ಯಾರು ಇಟ್ಟಾರ?"

ನಾನು ಪೇಪರ್ ಮಡಚಿಟ್ಟು ಎದ್ದೆ. ಅಷ್ಟರಲ್ಲಿ ನಮ್ಮ ಮೊಮ್ಮಗಳು ಪುಟ್ಟಿ ಓಡಿ ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಜ್ಜೀ, ಮುಟ್ಟಬ್ಯಾಡ! ಅವು ನನ್ನ ಸ್ಯಾಂಪಲ್!" ಬಟಾಣಿ ಕಾಳಿನ ಚೀಲದ ಪಕ್ಕ ಮೂರು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇದ್ದವು. ಒಂದರ ಮೇಲೆ 'ರಸ್ತೆ', ಇನ್ನೊಂದರ ಮೇಲೆ 'ತೋಟ' ಎಂದು ಬರೆದಿತ್ತು. ಮೂರನೆಯದರ ವಿಷಯ ಆಮೇಲೆ ಹೇಳುತ್ತೇನೆ.

ನಮ್ಮ ಮನೆ ಸತ್ತೂರದಲ್ಲಿ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇರುವ ಈ ಊರು ನನ್ನ ಹುಡುಗಾಟದ ದಿನಗಳಲ್ಲಿ ಹೊಲಗಳ ನಡುವಿನ ಹಳ್ಳಿ. ಈಗ ಮಹಾನಗರ ಪಾಲಿಕೆಯ ಒಳಗಿದೆ. ವೈದ್ಯಕೀಯ ಕಾಲೇಜು ಬಂದಿದೆ, ಪಿ.ಬಿ. ರಸ್ತೆ ಅಗಲವಾಗಿ ಚಿಗರಿ ಬಸ್ಸು ಓಡಾಡುತ್ತವೆ. ಆದರೂ ನವಲೂರ ಕಡೆ ಮುಖ ಮಾಡಿದರೆ ಇನ್ನೂ ಪೇರಲ ತೋಟ ಕಾಣುತ್ತವೆ.

ಪುಟ್ಟಿ ಏಳನೆಯ ತರಗತಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಮಾಡಬೇಕಿತ್ತು. "ಅಜ್ಜಾ, ರಸ್ತಾದ ಬಾಜೂಕ ಇರೂ ಇರುವ್ಯಾಗ ವಿಷ ಇರ್ತೈತೇನು? ನೀ ಲ್ಯಾಬಿನ್ಯಾಗ ಇದ್ದೆಲ್ಲ, ಹೇಳು" ಎಂದಳು.

ಹೌದು, ನಾನು ಮೂವತ್ತೊಂದು ವರ್ಷ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಮಣ್ಣು, ಎಲೆ, ನೀರು, ಹುಳ, ಏನು ಬಂದರೂ ಅದನ್ನು ಯಂತ್ರಕ್ಕೆ ಕೊಡುವಂತೆ ಅಣಿಗೊಳಿಸುವುದು ನನ್ನ ಕೆಲಸ. ಎಲ್ಲವನ್ನೂ ಯಂತ್ರವೇ ಹೇಳುತ್ತದೆ ಎಂದು ಜನ ತಿಳಿದಿರುತ್ತಾರೆ. ಯಂತ್ರದ ಕೆಲಸ ಒಂದೆರಡು ನಿಮಿಷದ್ದು. ಅದರ ಹಿಂದಿನ ತಯಾರಿ ಒಂದು ವಾರದ್ದು. ತಯಾರಿ ಕೆಟ್ಟರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಸುಳ್ಳು ಹೇಳುತ್ತದೆ.

ಹುಳುಗಳನ್ನೇ ಯಾಕೆ ಕೇಳಬೇಕು?

ಮೊದಲು ಸೀಸದ ಮಾತು. ಮಕ್ಕಳೇ, ನಿಮ್ಮ ಸೀಸದ ಕಡ್ಡಿಯಲ್ಲಿ ಸೀಸ ಇಲ್ಲ! ಅದರೊಳಗೆ ಇರುವುದು ಗ್ರಾಫೈಟ್ ಮತ್ತು ಜೇಡಿ ಮಣ್ಣು. ಹಿಂದಿನ ಕಾಲದ ಜನ ಗ್ರಾಫೈಟನ್ನು ಸೀಸದ ಒಂದು ಜಾತಿ ಎಂದು ತಿಳಿದಿದ್ದರು. ಹೆಸರು ಹಾಗೇ ಉಳಿಯಿತು.

ನಿಜವಾದ ಸೀಸ ಇದ್ದದ್ದು ಪೆಟ್ರೋಲಿನಲ್ಲಿ. ಎಂಜಿನ್ ಬಡಿದುಕೊಳ್ಳದೆ ಓಡಲಿ ಎಂದು ಹಲವು ದಶಕ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ನನ್ನ ವಯಸ್ಸಿನವರು ಸ್ಕೂಟರ್ ಓಡಿಸಿದ್ದು ಆ ಪೆಟ್ರೋಲಿನಿಂದಲೇ. ನಮ್ಮ ದೇಶದಲ್ಲಿ 2000ದಲ್ಲಿ ಅದು ನಿಂತಿತು. ಜಗತ್ತಿನಲ್ಲಿ ಕಟ್ಟಕಡೆಗೆ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ. ಆದರೆ ಸೀಸ ಕೊಳೆಯುವುದಿಲ್ಲ, ಆವಿಯಾಗಿ ಹೋಗುವುದೂ ಇಲ್ಲ. ಹೊಗೆಯಲ್ಲಿ ಹೊರಬಂದದ್ದು ರಸ್ತೆಯ ಬದಿಯ ಮಣ್ಣಿನಲ್ಲಿ ಕೂತಿರುತ್ತದೆ. ಹಳೆಯ ಬಣ್ಣದ ಚಕ್ಕೆಯಿಂದ, ಬ್ಯಾಟರಿ ಒಡೆಯುವ ಜಾಗದಿಂದ ಇನ್ನಷ್ಟು ಸೇರುತ್ತದೆ.

ಆ ಮಣ್ಣಿನಲ್ಲಿ ಓಡಾಡುವುದು ಇರುವೆ, ಮಿಡತೆ, ಜೀರುಂಡೆ. ಅವು ಅಲ್ಲೇ ಹುಟ್ಟಿ, ಅಲ್ಲೇ ತಿಂದು, ಅಲ್ಲೇ ಸಾಯುತ್ತವೆ. ಮನುಷ್ಯ ಇವತ್ತು ಸತ್ತೂರದಲ್ಲಿ, ನಾಳೆ ಪುಣೆಯಲ್ಲಿ. ಇರುವೆ ಮಾತ್ರ ತನ್ನ ಗೂಡಿನ ಸುತ್ತಲಿನ ಸ್ವಲ್ಪ ನೆಲದ ಸುದ್ದಿಯನ್ನೇ ಹೇಳುತ್ತದೆ. ಅದನ್ನು ತಿನ್ನುವ ಹಲ್ಲಿ, ಕಪ್ಪೆ, ಹಕ್ಕಿಗಳಿಗೂ ಆ ಲೋಹ ದಾಟುತ್ತದೆ.

ಜೇನು ಇನ್ನೂ ದೂರದ ಸುದ್ದಿ ತರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ಆ ನಗರದ ಹೆಜ್ಜೇನುಗಳನ್ನು ಮೂರು ವರ್ಷ ಗಮನಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ಮಟ್ಟದ ಹೊಗೆ ಇರುವ ನಾಲ್ಕು ಜಾಗ ಆರಿಸಿ ಸುಮಾರು 1,800 ಜೇನುಗಳನ್ನು ಪರೀಕ್ಷಿಸಿದ್ದರು. ಮಾಲಿನ್ಯ ಹೆಚ್ಚಿದ್ದ ಕಡೆಯ ಜೇನುಗಳ ಮೈಮೇಲೆ ಸೀಸವೂ ಸೇರಿದಂತೆ ಲೋಹಗಳಿದ್ದ ದೂಳಿನ ಕಣ ಕಂಡವು. ಅಲ್ಲಿಂದ ಹಿಡಿದು ತಂದ ಜೇನುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಒಂದು ದಿನದೊಳಗೆ ಸತ್ತವು.

ಪ್ಯಾರಿಸ್ಸಿನದೂ ಇಂಥದೇ ಕತೆ. 2019ರ ಏಪ್ರಿಲ್ 15ರಂದು ಅಲ್ಲಿಯ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿತ್ತು. ಅದರ ಚಾವಣಿಯಲ್ಲಿ ನೂರಾರು ಟನ್ ಸೀಸ ಇತ್ತು. ಕೆಲವು ತಿಂಗಳ ಮೇಲೆ ಕೆನಡಾದ ವಿಜ್ಞಾನಿಗಳು ಸುತ್ತಲಿನ ಪೆಟ್ಟಿಗೆಗಳ ಜೇನುತುಪ್ಪ ಪರೀಕ್ಷಿಸಿದಾಗ, ಹೊಗೆ ತೇಲಿಹೋದ ದಿಕ್ಕಿನ ತುಪ್ಪದಲ್ಲಿ ಸೀಸ ಹೆಚ್ಚಿಗೆ ಸಿಕ್ಕಿತು. ತಿಂದರೆ ಅಪಾಯ ಎನ್ನುವಷ್ಟೇನಲ್ಲ. ಆದರೆ ಹೊಗೆ ಹೋದ ದಾರಿಯನ್ನು ಜೇನುಗಳು ತೋರಿಸಿಕೊಟ್ಟವು.

ಹಿಡಿಯುವುದು

"ಹಂಗಾರ ನಾವೂ ಜೇನು ಹಿಡಿಯೋಣೇನಜ್ಜಾ?" ಎಂದಳು ಪುಟ್ಟಿ.

"ಹೆಜ್ಜೇನು ಹಿಡಿಯಾಕ ಹೋದ್ರ ಅವು ನಮ್ಮನ್ನ ಹಿಡೀತಾವ. ಚಿಟ್ಟೀನೂ ಬ್ಯಾಡ. ಕೆಲವು ಚಿಟ್ಟಿ ಹಿಡಿಯಬಾರದಂತ ಕಾಯ್ದೆನ ಐತಿ. ಗೊದ್ದ ಹಿಡಿಯೋಣು" ಎಂದೆ. ಗೊದ್ದ ಎಂದರೆ ಕರಿಯ ದೊಡ್ಡ ಇರುವೆ, ಕೆಲವು ಕಡೆ ಕಟ್ಟಿರುವೆ ಎನ್ನುತ್ತಾರೆ.

ಅಜ್ಜಿಗೆ ಇದು ಒಪ್ಪಿಗೆಯಿಲ್ಲ. ಅವಳು ದಿನಾ ಬೆಳಿಗ್ಗೆ ತುಳಸಿಕಟ್ಟೆಯ ಹತ್ತಿರ ಇರುವೆಗೆ ಸಕ್ಕರೆ ಹಾಕುವವಳು. "ನಾ ಸಕ್ರಿ ಹಾಕ್ತೀನಿ, ನೀವು ಅವನ್ನ ಹಿಡದ ಕೊಲ್ಲತೀರಿ" ಎಂದಳು. ಆಕೆಯ ಮಾತು ಸುಳ್ಳಲ್ಲ. ಆದ್ದರಿಂದ ಪುಟ್ಟಿಗೆ ಎರಡು ನೇಮ ಹಾಕಿದೆ. ಎಷ್ಟು ಬೇಕೋ ಅಷ್ಟೇ ಹಿಡಿಯಬೇಕು, ಗೂಡು ಅಗೆಯಬಾರದು. ಹಿಡಿದ ಮೇಲೆ ಆ ಜೀವ ವ್ಯರ್ಥ ಆಗುವಂಥ ತಪ್ಪು ಮಾಡಬಾರದು. ಎರಡನೆಯ ನೇಮ ನಾನು ಕಷ್ಟಪಟ್ಟು ಕಲಿತದ್ದು.

ಹಿಡಿಯುವ ಉಪಾಯ ಸರಳ. ಪ್ಲಾಸ್ಟಿಕ್ ಕಪ್ಪನ್ನು ಅದರ ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಮಣ್ಣಿನಲ್ಲಿ ಹೂಳಿಡಬೇಕು. ಓಡಾಡುವ ಹುಳ ಅದರಲ್ಲಿ ಬೀಳುತ್ತದೆ. ತಗಡಿನ ಡಬ್ಬಿ ಬೇಡ, ಸ್ಟೀಲ್ ಚಿಮಟ ಬೇಡ. ಲೋಹ ಹುಡುಕುವಾಗ ಲೋಹದಿಂದ ಮುಟ್ಟಬಾರದು. ಪ್ಲಾಸ್ಟಿಕ್ ಚಿಮಟದಿಂದಲೇ ಎತ್ತಬೇಕು. ಬರಿಗೈಯೂ ಬೇಡ. ಬೆವರು, ದೂಳು, ಬಳೆ, ಉಂಗುರ ಎಲ್ಲವೂ ತಮ್ಮ ಗುರುತು ಬಿಡುತ್ತವೆ.

ಒಂದು ಕಪ್ಪನ್ನು ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ, ಪರಿಚಯದವರ ಖಾಲಿ ಜಾಗದಲ್ಲಿ ಇಟ್ಟೆವು. ರಸ್ತೆಯ ಅಂಚಿಗೆ ಮಕ್ಕಳು ಹೋಗಬಾರದು, ಅಲ್ಲಿ ಕಪ್ಪು ಇಟ್ಟವನು ನಾನೇ. ಇನ್ನೊಂದನ್ನು ಪೇರಲ ತೋಟದಲ್ಲಿ, ತೋಟದವರನ್ನು ಕೇಳಿ ಇಟ್ಟೆವು. ಎರಡೂ ಕಡೆ ಒಂದೇ ಜಾತಿಯ ಇರುವೆ, ಒಂದೇ ದಿನ, ಸುಮಾರು ಒಂದೇ ಸಂಖ್ಯೆ. ರಸ್ತೆಯದಕ್ಕೆ ಗೊದ್ದ, ತೋಟದ್ದಕ್ಕೆ ಮಿಡತೆ ಹಿಡಿದರೆ ಹೋಲಿಕೆಗೆ ಅರ್ಥವಿಲ್ಲ. ಜಾಗ, ದಿನ, ವೇಳೆ ಎಲ್ಲವನ್ನೂ ಪುಟ್ಟಿ ಸೀಸದ ಕಡ್ಡಿಯಲ್ಲೇ ಬರೆದಳು. ಪೆನ್ನಿನ ಶಾಯಿ ನೀರು ತಾಗಿದರೆ ಅಳಿಸುತ್ತದೆ.

ಒಂದು ದಿನದ ಉಪವಾಸ

ಹಿಡಿದ ಕೂಡಲೇ ಒಣಗಿಸುವಂತಿಲ್ಲ. ಇರುವೆಯ ಹೊಟ್ಟೆಯಲ್ಲಿ ತಿಂದ ಮಣ್ಣು, ಆಹಾರ ಇರುತ್ತದೆ. ನಮಗೆ ಬೇಕಾದ್ದು ಅದರ ಮೈಯೊಳಗೆ ಸೇರಿಹೋದ ಲೋಹದ ಲೆಕ್ಕ. ಆದ್ದರಿಂದ ಗಾಳಿ ಆಡುವ ಸ್ವಚ್ಛ ಡಬ್ಬಿಯಲ್ಲಿ ಒಂದು ದಿನ ಏನೂ ತಿನ್ನಲು ಕೊಡದೆ ಬಿಡುತ್ತಾರೆ. ಹೊಟ್ಟೆ ಖಾಲಿಯಾಗುತ್ತದೆ. "ಏಕಾದಶಿ ಮಾಡಸಾಕತ್ತೀರೇನು ಅವಕ್ಕ?" ಎಂದು ಅಜ್ಜಿ ನಕ್ಕಳು. ನಗುವಷ್ಟು ಸಿಟ್ಟು ಇಳಿದಿತ್ತು.

ಆಮೇಲೆ ಫ್ರೀಜರ್. ತಣ್ಣಗಾಗುತ್ತ ಹುಳ ಮಂಕಾಗಿ ನಿಂತುಬಿಡುತ್ತದೆ. ಹುಳುಗಳ ಸಂಗ್ರಹಕ್ಕೆ ಸ್ಪಿರಿಟ್ ಬಳಸುವುದುಂಟು, ಆದರೆ ಈ ಕೆಲಸಕ್ಕೆ ಬೇಡ. ಮೈಯೊಳಗಿನ ಲೋಹ ಸ್ವಲ್ಪ ಸ್ವಲ್ಪವಾಗಿ ಸ್ಪಿರಿಟಿಗೆ ಇಳಿದುಬಿಡಬಹುದು.

ತೊಳೆಯಬೇಕೋ ಬೇಡವೋ? ಅದು ನೀವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಮೈಮೇಲಿನ ದೂಳೂ ಲೆಕ್ಕಕ್ಕೆ ಬೇಕೆಂದರೆ ತೊಳೆಯಬಾರದು. ಮೈಯೊಳಗಿನದಷ್ಟೇ ಬೇಕೆಂದರೆ ಖನಿಜ ತೆಗೆದ ಶುದ್ಧ ನೀರಿನಲ್ಲಿ ಬೇಗ ಬೇಗ ಜಾಲಿಸಬೇಕು. ನಲ್ಲಿಯ ನೀರು ನಡೆಯುವುದಿಲ್ಲ, ಕೊಳವೆಯಲ್ಲಿ ಹರಿದು ಬಂದ ನೀರಿನಲ್ಲಿ ತಾಮ್ರ, ಸತು, ಕಬ್ಬಿಣ ಇರಬಹುದು. ಯಾವುದನ್ನು ಆರಿಸಿದರೂ ಎಲ್ಲ ಹುಳುಗಳಿಗೂ ಅದೇ ಕ್ರಮ. ಮಾಡಿದ್ದನ್ನು ಬರೆದಿಡಬೇಕು.

ಮನೆಯಲ್ಲಿ ನಾವು ಮಾಡಿದ್ದು ಇಲ್ಲಿಗೆ ಮುಗಿಯಿತು. ಮುಂದಿನದು ಪ್ರಯೋಗಾಲಯದ ಕೆಲಸ. ಮಕ್ಕಳೇ, ಅದನ್ನು ಓದಿ ತಿಳಿಯಿರಿ, ಮಾಡಲು ಹೋಗಬೇಡಿ.

ಒಣಗಿಸು, ಅರೆ, ಕರಗಿಸು

ಹುಳುಗಳನ್ನು ಸುಮಾರು 60 ಡಿಗ್ರಿ ಬಿಸಿಯ ಒಲೆಯಲ್ಲಿ ಒಣಗಿಸುತ್ತಾರೆ. ಎಷ್ಟು ಹೊತ್ತು? ತೂಕ ಇಳಿಯುವುದು ನಿಲ್ಲುವ ತನಕ. ಇಂದಿನ ತೂಕವೂ ನಾಳಿನ ತೂಕವೂ ಒಂದೇ ಬಂದರೆ ನೀರೆಲ್ಲ ಹೋಯಿತು ಎಂದರ್ಥ. ಆಮೇಲೆ ಅಗೇಟ್ ಎಂಬ ಗಟ್ಟಿ ಕಲ್ಲಿನ ಪುಟ್ಟ ಒರಳಿನಲ್ಲಿ ಹಿಟ್ಟು ಮಾಡಬೇಕು. ಅಜ್ಜಿಯ ಹಿತ್ತಾಳೆಯ ಕುಟ್ಟಾಣಿ ಇದಕ್ಕೆ ಆಗದು, ಹಿತ್ತಾಳೆ ಎಂದರೇ ತಾಮ್ರ ಮತ್ತು ಸತು! ಒಂದು ಇರುವೆಯ ಹಿಟ್ಟು ಏನಕ್ಕೂ ಸಾಲದು, ಹತ್ತಾರು ಇರುವೆ ಸೇರಿಸಬೇಕು.

ಆ ಹಿಟ್ಟನ್ನು ತೂಗಿ, ಆಮ್ಲಕ್ಕೆ ಜಗ್ಗದ ಟೆಫ್ಲಾನ್ ಪಾತ್ರೆಗೆ ಹಾಕಿ, ಗಾಢ ನೈಟ್ರಿಕ್ ಆಮ್ಲ ಸೇರಿಸಿ ಕಾಯಿಸುತ್ತಾರೆ. ಕಂದು ಹೊಗೆ ಏಳುತ್ತದೆ. ಉಸಿರಿಗೆ ಅದು ವಿಷ, ಆದ್ದರಿಂದ ಹೊಗೆ ಎಳೆದುಹಾಕುವ ಗಾಜಿನ ಗೂಡಿನೊಳಗೇ ಈ ಕೆಲಸ. ಕೊನೆಗೆ ಸ್ವಲ್ಪ ಹೈಡ್ರೊಜನ್ ಪೆರಾಕ್ಸೈಡ್. ಕಾಲು, ಕಣ್ಣು, ಮೀಸೆ ಎಲ್ಲ ಕರಗಿ ತಿಳಿಯಾದ ದ್ರವ ಉಳಿಯುತ್ತದೆ. ಅದಕ್ಕೆ ಶುದ್ಧ ನೀರು ಸೇರಿಸಿ 25 ಮಿಲಿಲೀಟರಿಗೆ ತಂದರೆ ಯಂತ್ರಕ್ಕೆ ಸಿದ್ಧ.

ಆ ಯಂತ್ರವನ್ನು ನಾವು ಎ.ಎ.ಎಸ್. ಎನ್ನುತ್ತಿದ್ದೆವು. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಈ ವಿಧಾನವನ್ನು ರೂಪಿಸಿದರು. ಸೀಸ ಅಳೆಯಬೇಕಾದರೆ ಸೀಸದ್ದೇ ದೀಪ ಹಚ್ಚುತ್ತಾರೆ. ಆ ದೀಪದ ಬೆಳಕು ಉರಿಯ ಮೂಲಕ ಹಾಯುತ್ತದೆ. ಉರಿಗೆ ನಮ್ಮ ದ್ರವವನ್ನು ತುಂತುರಾಗಿ ಬಿಡುತ್ತಾರೆ. ದ್ರವದಲ್ಲಿ ಸೀಸ ಇದ್ದರೆ ಅದರ ಪರಮಾಣುಗಳು ಆ ಬೆಳಕನ್ನು ನುಂಗುತ್ತವೆ. ಎಷ್ಟು ಬೆಳಕು ಕಡಿಮೆಯಾಯಿತೋ ಅದರಿಂದ ಸೀಸ ಎಷ್ಟೆಂದು ತಿಳಿಯುತ್ತದೆ.

ಲೆಕ್ಕ ನೀವೇ ಮಾಡಬಹುದು. ಉದಾಹರಣೆಗೆ ಒಣ ಹಿಟ್ಟು 0.2 ಗ್ರಾಂ, ದ್ರವ 25 ಮಿಲಿಲೀಟರ್, ಯಂತ್ರ ತೋರಿಸಿದ್ದು ಲೀಟರಿಗೆ 0.04 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 25 ಮಿಲಿಲೀಟರ್ ಎಂದರೆ ಲೀಟರಿನ ನಲವತ್ತನೇ ಒಂದು ಪಾಲು. ಹಾಗಾದರೆ ಕೊಳವೆಯಲ್ಲಿ ಇರುವುದು 0.001 ಮಿಲಿಗ್ರಾಂ. 0.2 ಗ್ರಾಂ ಹಿಟ್ಟಿನಲ್ಲಿ ಇಷ್ಟಾದರೆ, ಅದರ 5,000 ಪಟ್ಟು ಇರುವ ಒಂದು ಕಿಲೋದಲ್ಲಿ 5 ಮಿಲಿಗ್ರಾಂ. ಎಷ್ಟು ಸಣ್ಣ ಅಂಕಿ ನೋಡಿ! ಕಣ್ಣಿಗೆ ಕಾಣದ ಒಂದು ದೂಳಿನ ಕಣ ಬಿದ್ದರೂ ಉತ್ತರ ಬದಲಾಗಬಹುದು.

ನನ್ನ ತಪ್ಪು

ಇಲ್ಲಿಗೆ ಬಂದಾಗ ಪುಟ್ಟಿ ಕೇಳಿದಳು: "ಅಜ್ಜಾ, ನೀ ಯಾವಾಗರ ತಪ್ಪು ಮಾಡೀಯೇನು?"

ಮಾಡಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರ ಹೊಲದ ಮಿಡತೆಗಳು ನಮ್ಮಲ್ಲಿಗೆ ಬಂದವು. ಅವರ ಹೊಲದ ಪಕ್ಕ ಹಳೇ ಸಾಮಾನಿನ ಗುಜರಿ ಇತ್ತು. ಹೋಲಿಸಲು ದೂರದ ಇನ್ನೊಂದು ಹೊಲದ ಮಿಡತೆಗಳೂ ಇದ್ದವು. ಮೊದಲ ದಿನ ಈ ರೈತರವು, ಮರುದಿನ ದೂರದವು, ಹೀಗೆ ಎರಡು ಕಂತಿನಲ್ಲಿ ಕರಗಿಸಿದೆ. ಮೊದಲ ದಿನ ಕೊಳವೆಗಳಿಗೆ ರಬ್ಬರಿನ ಬಿರಡೆ ಹಾಕಿ ಅಲುಗಾಡಿಸಿದ್ದೆ. ಬಿರಡೆ ಕಡಿಮೆ ಬಿದ್ದವೆಂದು ಎರಡನೆಯ ದಿನ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಎರಡೂ ಒಂದೇ ಎಂದುಕೊಂಡೆ.

ಯಂತ್ರ ಹೇಳಿತು: ಈ ರೈತರ ಹೊಲದ ಮಿಡತೆಯಲ್ಲಿ ಸತು ಬಹಳ, ದೂರದ ಹೊಲದಲ್ಲಿ ಕಡಿಮೆ. ಎಲ್ಲರೂ ನಿರೀಕ್ಷಿಸಿದ್ದ ಉತ್ತರವೇ ಅದು. ಸುದ್ದಿ ಹೇಗೋ ಊರಿಗೆ ಮುಟ್ಟಿತು.

ವರದಿ ಬರೆಯುವ ಮೊದಲು ನಮ್ಮ ಸರ್ ಒಂದೇ ಮಾತು ಕೇಳಿದರು: "ಬ್ಲ್ಯಾಂಕ್ ಎಲ್ಲಿ?"

ಬ್ಲ್ಯಾಂಕ್ ಎಂದರೆ ಹುಳವೇ ಇಲ್ಲದ ಕೊಳವೆ. ಅದೇ ಆಮ್ಲ, ಅದೇ ನೀರು, ಅದೇ ಬಿರಡೆ, ಅದೇ ಬಿಸಿ. ಹುಳ ಮಾತ್ರ ಇರುವುದಿಲ್ಲ. ಅದರಲ್ಲೂ ಲೋಹ ಸಿಕ್ಕರೆ ಆ ಲೋಹ ಹುಳದ್ದಲ್ಲ, ನಮ್ಮ ಕೈಯದ್ದು. ಆಮ್ಲ ಉಳಿಯಲಿ ಎಂದು ಮೊದಲ ದಿನ ನಾನು ಬ್ಲ್ಯಾಂಕ್ ಇಟ್ಟೇ ಇರಲಿಲ್ಲ. ಸುಮ್ಮನೆ ನಿಂತೆ. ಸರ್ ಬೈಯಲಿಲ್ಲ. "ಈಗ ಮಾಡು" ಎಂದರು. ರಬ್ಬರಿನ ಬಿರಡೆ ಹಾಕಿ ಖಾಲಿ ಕೊಳವೆ ಮಾಡಿದೆ. ಮಿಡತೆಯೇ ಇಲ್ಲದ ಆ ಕೊಳವೆಯಲ್ಲೂ ಬೇಕಾದಷ್ಟು ಸತು! ರಬ್ಬರು ತಯಾರಿಸುವಾಗ ಸತುವಿನ ಆಕ್ಸೈಡ್ ಸೇರಿಸುತ್ತಾರೆ, ಆಮ್ಲ ಅದನ್ನು ಎಳೆದುಕೊಂಡಿತ್ತು.

ರೈತರಿಗೆ ತಿಳಿಸಲು ನಾನೇ ಹೋಗುತ್ತೇನೆ ಎಂದೆ. ಹೋಗಿ ನೋಡಿದರೆ ಮೆಂತ್ಯ, ಕೊತ್ತಂಬರಿ ಹೊಲದಲ್ಲೇ ಬಲಿತು ಹಳದಿಯಾಗಿದ್ದವು. ಹದಿನೈದು ದಿನದಿಂದ ಅವರು ಸೊಪ್ಪು ಕಿತ್ತಿರಲಿಲ್ಲ. "ವಿಷ ಇದ್ರ ಮಂದಿಗೆ ಹೆಂಗ ಮಾರೂದ್ರಿ?" ಎಂದರು. ನಾನು ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಅದು ನಮ್ಮ ಹೊಲದ್ದಲ್ಲ, ನಿಮ್ಮ ಬಿರಡೀದು ಅನ್ರಿ" ಎಂದರು. ಆಮೇಲೆ ನನಗೆ ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ಹಂಗಾಮಿನಲ್ಲಿ ಹೊಸ ಮಿಡತೆ ಹಿಡಿದು ಸರಿಯಾಗಿ ಮಾಡಿದೆವು. ಎರಡೂ ಹೊಲದ ಸತು ಹೆಚ್ಚುಕಡಿಮೆ ಒಂದೇ ಬಂತು.

ಆ ದಿನದಿಂದ ನಿವೃತ್ತಿಯ ತನಕ ನಾನು ಬ್ಲ್ಯಾಂಕ್ ಇಲ್ಲದೆ ಒಂದು ಕಂತನ್ನೂ ಮಾಡಲಿಲ್ಲ. ಗಾಜಿನ ಸಾಮಾನುಗಳನ್ನು ಹಿಂದಿನ ರಾತ್ರಿಯೇ ತೆಳು ಆಮ್ಲದಲ್ಲಿ ನೆನೆಹಾಕದೆ ಮುಟ್ಟಲಿಲ್ಲ.

ಭೂಮಿಯ ವಯಸ್ಸು ಹೇಳಿದವರ ಪಾಡು

ಇಂಥ ಕಾಟ ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯೊಳಗಿನ ಸೀಸ ಅಳೆದು ಭೂಮಿಯ ವಯಸ್ಸು ಕಂಡುಹಿಡಿಯಲು ಹೊರಟಿದ್ದರು. ಅಳೆದಾಗಲೆಲ್ಲ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸೀಸ. ಹುಡುಕಿದರೆ ಅದು ಗಾಳಿಯಿಂದ, ದೂಳಿನಿಂದ, ನೀರಿನಿಂದ ಬರುತ್ತಿತ್ತು. ಕೋಣೆಯನ್ನು ಉಜ್ಜಿ ಉಜ್ಜಿ ತೊಳೆದು, ಹೊರಗಿನ ದೂಳು ಬರದಂತೆ ಮಾಡಿ, ವರ್ಷಗಟ್ಟಲೆ ಕಷ್ಟಪಟ್ಟರು. 1956ರಲ್ಲಿ ಉತ್ತರ ಪ್ರಕಟಿಸಿದರು: ಸುಮಾರು 455 ಕೋಟಿ ವರ್ಷ. ಆಮೇಲೆ ಅವರ ಮನಸ್ಸು ಇನ್ನೊಂದು ಪ್ರಶ್ನೆಗೆ ಹೊರಳಿತು. ನನ್ನ ಕೋಣೆಗೆ ಇಷ್ಟು ಸೀಸ ಬಂದದ್ದು ಎಲ್ಲಿಂದ? ಬಹುಪಾಲು ಪೆಟ್ರೋಲಿನಿಂದ. ಕಂಪನಿಗಳ ವಿರೋಧವಿದ್ದರೂ ಅವರು ಅದನ್ನು ಹೇಳುತ್ತಲೇ ಇದ್ದರು. ಪೆಟ್ರೋಲಿನಿಂದ ಸೀಸ ಹೋಗುವುದರಲ್ಲಿ ಅವರ ಪಾಲು ದೊಡ್ಡದು.

ಅಂಕಿ ಬಂದ ಮೇಲೂ ಅವಸರ ಬೇಡ. ಕೆಲವು ಲೋಹ ಹುಳಕ್ಕೆ ಬೇಕಾದ್ದೇ. ಇರುವೆಯ ದವಡೆ ಗಟ್ಟಿಯಾಗಿರಲು ಅದರಲ್ಲಿ ಸತು ಇರುತ್ತದೆ. ಸತು ಸಿಕ್ಕಿತೆಂದ ಮಾತ್ರಕ್ಕೆ ಊರು ಕೆಟ್ಟಿತು ಎನ್ನಬಾರದು. ಸೀಸ ಹಾಗಲ್ಲ, ಅದು ಯಾವ ಜೀವಕ್ಕೂ ಬೇಕಾಗಿಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಿಯುವ ಶಕ್ತಿಯನ್ನೇ ಅದು ಕುಂದಿಸುತ್ತದೆ.

ಆದ್ದರಿಂದ ಅಜ್ಜ ಅಜ್ಜಿಯರೇ, ಮನೆಯ ಹಳೆಯ ಬಣ್ಣ ಕೆರೆಯುವಾಗ ಮೊಮ್ಮಕ್ಕಳನ್ನು ದೂರ ಇಡಿ. ನಮ್ಮಲ್ಲಿ ಬಣ್ಣದ ಸೀಸಕ್ಕೆ ಬಿಗಿಯಾದ ಮಿತಿ ಬಂದದ್ದು 2017ರಲ್ಲಿ, ಅದಕ್ಕೂ ಹಿಂದಿನ ಬಣ್ಣ ನಂಬುವಂತಿಲ್ಲ. ದೂಳನ್ನು ಒಣ ಕಸಬರಿಗೆಯಿಂದ ಎಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳೇ, ಆಟ ಆಡಿ ಬಂದು ಕೈ ತೊಳೆಯದೆ ತಾಟಿಗೆ ಕೈ ಹಾಕಬೇಡಿ.

ಮೂರನೆಯ ಡಬ್ಬಿ

ಪ್ರದರ್ಶನದ ದಿನ ನಾನೂ ಅಜ್ಜಿಯೂ ಶಾಲೆಗೆ ಹೋದೆವು. ಒಬ್ಬ ಹುಡುಗ ಜ್ವಾಲಾಮುಖಿ ಮಾಡಿದ್ದ, ಅದರಿಂದ ಕೆಂಪು ನೊರೆ ಉಕ್ಕುತ್ತಿತ್ತು. ಅಲ್ಲೇ ಜನಸಂದಣಿ. ಪುಟ್ಟಿಯ ಮೇಜಿನ ಮೇಲೆ ಮೂರು ಡಬ್ಬಿ, ಒಂದು ವಹಿ, ಗೋಡೆಗೆ ಒಂದು ಹಾಳೆ. ಮೊದಲ ಡಬ್ಬಿ 'ರಸ್ತೆ', ಎರಡನೆಯದು 'ತೋಟ', ಮೂರನೆಯದು 'ಏನೂ ಇಲ್ಲ'. ಆ ಮೂರನೆಯ ಡಬ್ಬಿಯೂ ತೋಟಕ್ಕೆ ಬಂದಿತ್ತು, ರಸ್ತೆಗೆ ಬಂದಿತ್ತು, ಅದೇ ನೀರಿನಲ್ಲಿ ತೊಳೆಸಿಕೊಂಡಿತ್ತು, ಫ್ರಿಜ್ಜಿನಲ್ಲೂ ಕೂತಿತ್ತು. ಇರುವೆ ಮಾತ್ರ ಅದರೊಳಗೆ ಇರಲಿಲ್ಲ.

ಹಾಳೆಯಲ್ಲಿ ಸೀಸದ ಪ್ರಮಾಣ ಬರೆಯುವ ಕಡೆ ಖಾಲಿ ಬಿಟ್ಟಿದ್ದಳು. ಪ್ರಯೋಗಾಲಯವೊಂದನ್ನು ಕೇಳಿ ನೋಡುತ್ತೇನೆ ಎಂದು ಅವಳ ಗುರುಗಳು ಹೇಳಿದ್ದರು, ಇನ್ನೂ ಉತ್ತರ ಬಂದಿರಲಿಲ್ಲ.

ಜ್ವಾಲಾಮುಖಿಯ ಹುಡುಗ ಬಂದು ಹಾಳೆ ನೋಡಿ, "ಸೀಸ ಎಷ್ಟೈತಿ ಅಂತ ಬರದೇ ಇಲ್ಲಲ್ಲ?" ಎಂದ.

"ನನಗಿನ್ನೂ ಗೊತ್ತಿಲ್ಲ. ಗೊತ್ತಾದ ಮ್ಯಾಲೆ ಬರೀತೀನಿ" ಎಂದಳು ಪುಟ್ಟಿ.

"ಮತ್ತ ಈ ಡಬ್ಬಿ? ಖಾಲಿ ಐತಲ್ಲ!"

"ಅದು ನಮ್ಮನ್ನ ಪರೀಕ್ಷಾ ಮಾಡೂ ಡಬ್ಬಿ" ಎಂದಳು.

ಮನೆಗೆ ಬಂದ ಮೇಲೆ ಅಜ್ಜಿ ಯಾರೂ ಹೇಳದೆಯೇ ಆ ಮೂರೂ ಡಬ್ಬಿಗಳನ್ನು ಮತ್ತೆ ಬರ್ಫದ ಖಾನೆಯಲ್ಲಿ ಇಟ್ಟಳು. ಬಟಾಣಿಯ ಚೀಲವನ್ನು ಕೆಳಗಿನ ಖಾನೆಗೆ ಸರಿಸಿದ್ದಳು.